ಆರಡಿ ಪೊಲೀಸಪ್ಪನ ಅಳತೆಪಟ್ಟಿ: ಕಟ್ಟಡಗಳಲ್ಲಿ ಗೋಲ್ಡನ್ ರೇಶಿಯೊ

ಗೋಲ್ಡನ್ ರೇಶಿಯೊ ಬಗ್ಗೆ ಒಂದಾದರೂ ರೀಲ್ ನೋಡದವರು ನಮ್ಮ ಕ್ಯಾಂಪಸ್ಸಿನಲ್ಲಿ ಇರಲಿಕ್ಕಿಲ್ಲ. ಹಿನ್ನೆಲೆಯಲ್ಲಿ ಗಂಭೀರವಾದ ಪಿಯಾನೊ. ಪರದೆ ಮೇಲೆ ಒಂದು ಶಂಖ, ಒಂದು ಸೂರ್ಯಕಾಂತಿ, ಯಾವುದೋ ನಟಿಯ ಮುಖ, ಕೊನೆಗೆ ಒಂದು ಗ್ರೀಕ್ ದೇವಸ್ಥಾನ. ಎಲ್ಲದರ ಮೇಲೂ ಅದೇ ಬಂಗಾರದ ಬಣ್ಣದ ಸುರುಳಿ ಬಂದು ಕೂರುತ್ತೆ, 1.618 ಅಂತ ತೋರಿಸ್ತಾರೆ, ಮುಗೀತು. ಈ ಸಂಖ್ಯೆಯನ್ನು ಯಾರಾದರೂ ನಿಜವಾಗಿ ಸೈಟಿಗೆ ತಗೊಂಡು ಹೋಗಿ ಕಟ್ಟಡ ಕಟ್ಟಿದ್ದಾರಾ, ಕಟ್ಟಿದ್ದರೆ ಅದರಿಂದ ಏನು ಉಪಯೋಗ ಆಯ್ತು ಅಂತ ಮಾತ್ರ ಯಾವ ರೀಲೂ ಹೇಳಲ್ಲ. ಕಟ್ಟಿದ್ದಾರೆ. ಆ ಕಥೆಯಲ್ಲಿ ಸುರುಳಿ ಬರೋದೇ ಇಲ್ಲ, ಅದರ ಬದಲು ಒಬ್ಬ ಇಂಗ್ಲಿಷ್ ಪೊಲೀಸಪ್ಪ ಬರ್ತಾನೆ.

ಮೊದಲು ಲೆಕ್ಕ ಮುಗಿಸಿಬಿಡೋಣ. ಒಂದು ಗೆರೆಯನ್ನು ಒಂದು ದೊಡ್ಡ ತುಂಡು, ಒಂದು ಸಣ್ಣ ತುಂಡು ಆಗುವಂತೆ ಕತ್ತರಿಸಿ. ಇಡೀ ಗೆರೆಗೂ ದೊಡ್ಡ ತುಂಡಿಗೂ ಇರುವ ಅನುಪಾತವೇ ದೊಡ್ಡ ತುಂಡಿಗೂ ಸಣ್ಣ ತುಂಡಿಗೂ ಇದ್ದರೆ ಅದು ಗೋಲ್ಡನ್ ರೇಶಿಯೊ, ಕನ್ನಡದಲ್ಲಿ ಸುವರ್ಣ ಅನುಪಾತ. ಕ್ರಿ.ಪೂ. 300ರ ಸುಮಾರಿಗೇ ಯೂಕ್ಲಿಡ್ ಇದನ್ನು ಬರೆದಿಟ್ಟಿದ್ದಾನೆ. ಆದರೆ ಅವನು ಇದಕ್ಕೆ ಬಂಗಾರದ ಹೆಸರೇನೂ ಕೊಟ್ಟಿರಲಿಲ್ಲ, ಅದು ಬಂದಿದ್ದು 19ನೇ ಶತಮಾನದ ಜರ್ಮನಿಯಲ್ಲಿ. 5ರ ವರ್ಗಮೂಲಕ್ಕೆ 1 ಕೂಡಿಸಿ 2ರಿಂದ ಭಾಗಿಸಿದರೆ 1.618 ಬರುತ್ತೆ, ಅದಕ್ಕೆ ಫೈ ಅಂತ ಗ್ರೀಕ್ ಅಕ್ಷರ.

ಇದರ ಒಂದು ಗುಣ ಮಾತ್ರ ಕಟ್ಟಡ ಕಟ್ಟುವವರಿಗೆ ಮುಖ್ಯ. ಫೈ ವರ್ಗ ಮಾಡಿದರೆ 2.618, ಅಂದರೆ ಫೈ + 1. ಹಾಗಾಗಿ ಫೈಯಿಂದ ಗುಣಿಸುತ್ತಾ ಹೋದರೆ ಸಿಗುವ ಸಾಲು (1, 1.618, 2.618, 4.236...) ಪಿಯುಸಿಯಲ್ಲಿ ಓದಿದ ಜಿಪಿಯೂ ಹೌದು, ಜೊತೆಗೆ ಪ್ರತಿ ಸಂಖ್ಯೆಯೂ ಅದರ ಹಿಂದಿನ ಎರಡರ ಮೊತ್ತವೂ ಹೌದು. ಈ ಎರಡೂ ಗುಣ ಒಟ್ಟಿಗೆ ಇರುವ ಧನ ಅನುಪಾತ ಬೇರೊಂದಿಲ್ಲ. ನಮ್ಮ ಡ್ರಾಯಿಂಗ್ ಶೀಟಿನ ಅನುಪಾತ 1.414, ಅದಕ್ಕೆ ಇನ್ನೊಂದು ಗುಣ: ಮಧ್ಯಕ್ಕೆ ಮಡಿಚಿದರೆ ಅದೇ ಆಕಾರ ಉಳಿಯುತ್ತೆ, ಎ3 ಮಡಿಚಿದರೆ ಎ4. ಚಂದಕ್ಕೆ ಅಂತ ಯಾರೂ ಅದನ್ನು ಆರಿಸಲಿಲ್ಲ, ಕೆಲಸಕ್ಕೆ ಬರುತ್ತೆ ಅಂತ ಆರಿಸಿದರು. ಫೈಯನ್ನೂ ಅದೇ ಕಣ್ಣಿನಿಂದ ನೋಡಬೇಕು ಅನ್ನೋದು ನಮ್ಮ ವಾದ.

ಹಿಂದಿನ ಎರಡನ್ನು ಕೂಡಿಸೋದು ಅಂದ ಕೂಡಲೇ ಎಲ್ಲರೂ ಫಿಬೊನಾಚಿ ಅಂತೀರಿ. ಕನ್ನಡ ಸಂಘದ ಪತ್ರಿಕೆಯಲ್ಲಿ ಬರೀತಾ ಇರೋದ್ರಿಂದ ಇಲ್ಲಿ ಸ್ವಲ್ಪ ಅಡ್ಡದಾರಿ ಹಿಡಿಯೋಣ. ಹೈಸ್ಕೂಲಿನಲ್ಲಿ ಲಘು-ಗುರು ಹಾಕಿದ್ದು ನೆನಪಿದೆಯಾ? ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯ ಗಣವನ್ನು ಎಷ್ಟು ರೀತಿ ತುಂಬಬಹುದು? ಮೂರು ಲಘು, ಅಥವಾ ಲಘು-ಗುರು, ಅಥವಾ ಗುರು-ಲಘು: ಮೂರು ರೀತಿ. ನಾಲ್ಕು ಮಾತ್ರೆಗೆ 5, ಐದು ಮಾತ್ರೆಗೆ 8. ಕಾರಣ ಸರಳ. ಗಣದ ಕೊನೆಯ ಅಕ್ಷರ ಲಘುವಾದರೆ ಉಳಿದಿದ್ದು ಒಂದು ಮಾತ್ರೆ ಕಮ್ಮಿಯ ಗಣ, ಗುರುವಾದರೆ ಎರಡು ಮಾತ್ರೆ ಕಮ್ಮಿಯ ಗಣ, ಎರಡನ್ನೂ ಕೂಡಿಸಿದರೆ ಉತ್ತರ. ಇಟಲಿಯ ಫಿಬೊನಾಚಿ ಮೊಲಗಳ ಲೆಕ್ಕ ಬರೆದಿದ್ದು 1202ರಲ್ಲಿ. ಛಂದಸ್ಸಿನ ಮೇಲೆ ಬರೆದ ವಿರಹಾಂಕ, ಹೇಮಚಂದ್ರ ಇಬ್ಬರೂ ಅದಕ್ಕಿಂತ ಮೊದಲೇ ಈ ಸಾಲನ್ನು ಕೊಟ್ಟಿದ್ದರು. ಸಾಲು ಮುಂದಕ್ಕೆ ಹೋದಂತೆಲ್ಲ ಪಕ್ಕಪಕ್ಕದ ಸಂಖ್ಯೆಗಳ ಅನುಪಾತ 1.618ಕ್ಕೆ ಹತ್ತಿರ ಬರುತ್ತೆ. ಷಟ್ಪದಿಗೆ ಪ್ರಸ್ತಾರ ಹಾಕುವಾಗ ಬೈಕೊಂಡೇ ಹಾಕಿದವರು ಇದನ್ನು ಒಮ್ಮೆ ಗಮನಿಸಿ.

ಇನ್ನು ರೀಲಿನ ಗ್ರೀಕ್ ದೇವಸ್ಥಾನ. ಪಾರ್ಥೆನಾನ್ ಕಟ್ಟಿದ್ದು ಕ್ರಿ.ಪೂ. 447ರಿಂದ, ಯೂಕ್ಲಿಡ್‌ಗಿಂತ ಸುಮಾರು ಒಂದೂವರೆ ಶತಮಾನ ಮೊದಲು. ಅದರ ಜಗಲಿಯ ಉದ್ದ 69.5 ಮೀಟರ್, ಅಗಲ 30.9 ಮೀಟರ್. ಭಾಗಿಸಿ ನೋಡಿ: 2.25. ಅಂದರೆ 9ಕ್ಕೆ 4. ಸುರುಳಿ ಕೂರಿಸಬೇಕಾದರೆ ಎಲ್ಲಿಂದ ಎಲ್ಲಿಗೆ ಅಳೀಬೇಕು ಅನ್ನೋದನ್ನು ಸುರುಳಿಯೇ ತೀರ್ಮಾನ ಮಾಡಬೇಕಾಗುತ್ತೆ.

ಆಧುನಿಕ ಕಟ್ಟಡಗಳ ಗತಿಯೂ ಅದೇ. ನ್ಯೂಯಾರ್ಕಿನ ವಿಶ್ವಸಂಸ್ಥೆಯ ಸೆಕ್ರೆಟರಿಯೇಟ್ ಗೋಪುರದ ಹೆಸರು ಇಂಥ ಪಟ್ಟಿಗಳಲ್ಲಿ ಯಾವಾಗಲೂ ಇರುತ್ತೆ. ಎತ್ತರ 154 ಮೀಟರ್, ಅಗಲ 87 ಮೀಟರ್, ಅನುಪಾತ 1.77. ಅಲ್ಲ ಅಲ್ಲ, ಒಂದರ ಮೇಲೊಂದು ಮೂರು ಗೋಲ್ಡನ್ ಆಯತ ಇದಾವೆ ಅಂತ ಇನ್ನು ಕೆಲವರು. ಹಾಗೆ ನೋಡಿದರೆ 1.69. ಟೊರಾಂಟೊದ ಸಿಎನ್ ಟವರ್ ಮೇಲ್ನೋಟಕ್ಕೆ ಪಾಸಾಗುತ್ತೆ: ಒಟ್ಟು ಎತ್ತರ 553.33 ಮೀಟರ್, ಗಾಜಿನ ನೆಲ ಇರುವ ಅಂತಸ್ತು 342 ಮೀಟರಿನಲ್ಲಿ, ಭಾಗಿಸಿದರೆ 1.618! ಆದರೆ ಅಲ್ಲಿ 346 ಮೀಟರಿನಲ್ಲಿ ಮುಖ್ಯ ವೀಕ್ಷಣಾಲಯ ಇದೆ, 447ರಲ್ಲಿ ಇನ್ನೊಂದಿದೆ. ಅವುಗಳಿಂದ ಭಾಗಿಸಿದರೆ 1.60, 1.24. ಸಿಕ್ಕಿದ ಮೂರರಲ್ಲಿ ಬೇಕಾದ ಒಂದನ್ನು ಆರಿಸಿಕೊಂಡು ಪ್ರಕೃತಿಯ ರಹಸ್ಯ ಅನ್ನೋದು ಸುಲಭ. ಟವರಿನ ತುದಿಯಲ್ಲಿ ಇರೋದು ಟಿವಿ, ರೇಡಿಯೊ ಆಂಟೆನಾ. ಸಿಗ್ನಲ್ ಎಲ್ಲಿವರೆಗೆ ಮುಟ್ಟಬೇಕು ಅನ್ನೋದೇ ಅದಕ್ಕೆ ಮುಖ್ಯ.

ಹಾಗಾದರೆ ಫೈಯನ್ನು ಗೊತ್ತಿದ್ದೂ ಗೊತ್ತಿದ್ದು ಬಳಸಿದವರು ಯಾರು? ದೊಡ್ಡ ಹೆಸರು ಒಂದೇ: ಲೆ ಕಾರ್ಬುಸಿಯೆ. 1887ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಬೆಳಗಿದ ಆರ್ಕಿಟೆಕ್ಟ್. ಎರಡನೇ ಮಹಾಯುದ್ಧದ ನಡುವೆ, 1943ರ ಸುಮಾರಿಗೆ, ಅವರ ಕಚೇರಿಗೆ ಹೆಚ್ಚು ಕೆಲಸ ಇರಲಿಲ್ಲ. ಯುದ್ಧ ಮುಗಿದ ಮೇಲೆ ಯುರೋಪಿನಲ್ಲಿ ಲಕ್ಷಗಟ್ಟಲೆ ಮನೆ ಕಟ್ಟಬೇಕು, ಬಾಗಿಲು ಕಿಟಕಿ ಪ್ಯಾನೆಲ್ ಎಲ್ಲ ಫ್ಯಾಕ್ಟರಿಯಲ್ಲಿ ತಯಾರಾಗಿ ಬರಬೇಕು ಅನ್ನೋದು ಎಲ್ಲರಿಗೂ ಕಾಣ್ತಾ ಇತ್ತು. ಒಂದು ಫ್ಯಾಕ್ಟರಿಯ ಕಿಟಕಿ ಇನ್ನೊಂದು ಫ್ಯಾಕ್ಟರಿಯ ಗೋಡೆಗೆ ಕೂರಬೇಕಾದರೆ ಅಳತೆಗಳು ಒಂದಕ್ಕೊಂದು ಹೊಂದಬೇಕು. ಅದರ ಮೇಲೆ ಅರ್ಧ ಪ್ರಪಂಚ ಮೀಟರಿನಲ್ಲಿ, ಇನ್ನರ್ಧ ಅಡಿ-ಇಂಚಿನಲ್ಲಿ. ಇದಕ್ಕೆಲ್ಲ ಒಂದೇ ಉತ್ತರ ಅಂತ ಅವರು ಮಾಡಿದ ಅಳತೆಪಟ್ಟಿಯ ಹೆಸರು ಮಾಡ್ಯುಲೋರ್. ಅದರ ಬಗ್ಗೆ ಪುಸ್ತಕ ಬಂದಿದ್ದು 1950ರಲ್ಲಿ. (ಮಾಡ್ಯುಲರ್ ಕಿಚನ್ ಜೊತೆ ಗೊಂದಲ ಮಾಡ್ಕೋಬೇಡಿ. ಕೊನೆಯ ‘ಓರ್’ ಅಂದರೆ ಫ್ರೆಂಚಿನಲ್ಲಿ ಬಂಗಾರ.)

ಪಟ್ಟಿ ಹೀಗೆ ಕೆಲಸ ಮಾಡುತ್ತೆ. ಒಬ್ಬ ಮನುಷ್ಯನನ್ನು ನಿಲ್ಲಿಸಿ. ಅವನ ಎತ್ತರ 183 ಸೆಂಟಿಮೀಟರ್. ಅದನ್ನು ಫೈಯಿಂದ ಭಾಗಿಸಿದರೆ 113, ಅವನ ಹೊಕ್ಕುಳಿನ ಎತ್ತರ ಅಂತ ಲೆಕ್ಕ. ಹಾಗೇ ಇಳೀತಾ ಹೋದರೆ 70, 43, 27. ಇದು ಕೆಂಪು ಸಾಲು. ಅವನು ಕೈ ಮೇಲೆತ್ತಿದರೆ ಬೆರಳ ತುದಿ 226ಕ್ಕೆ ಮುಟ್ಟುತ್ತೆ, 113ರ ಎರಡರಷ್ಟು. ಅಲ್ಲಿಂದ ಇಳಿದರೆ 140, 86, 53. ಇದು ನೀಲಿ ಸಾಲು. ಪ್ರತಿ ಅಳತೆಗೂ ಒಂದು ಭಂಗಿ ಇದೆ: 43ರಲ್ಲಿ ಕೂರೋದು, 70ರಲ್ಲಿ ಮೇಜು, 86ರಲ್ಲಿ ನಿಂತು ಕೈ ಊರೋದು, 113ರಲ್ಲಿ ಮೊಣಕೈ ಊರಿ ಹರಟೆ ಹೊಡೆಯೋದು. ಮುಖ್ಯವಾದ ಸಂಗತಿ ಅಂದರೆ 27 + 43 = 70, 43 + 70 = 113, 70 + 113 = 183. 43ರ ಒಂದು ಪ್ಯಾನೆಲ್, 70ರ ಒಂದು ಪ್ಯಾನೆಲ್ ಪಕ್ಕಪಕ್ಕ ಇಟ್ಟರೆ 113ರ ಜಾಗ ಸಂದಿಲ್ಲದೆ ತುಂಬುತ್ತೆ. ಚಿಕ್ಕ ಅಳತೆಗಳು ಕೂಡಿ ದೊಡ್ಡ ಅಳತೆ ಆಗುತ್ತೆ, ಪ್ರತಿ ಸಲವೂ. ಲಘು-ಗುರು ಸೇರಿ ಗಣ ತುಂಬಿದ ಹಾಗೇ. ಜಿಪಿ ಆಗಿರೋದ್ರಿಂದ ಚಿಕ್ಕದರಿಂದ ದೊಡ್ಡದಕ್ಕೆ ಬೇಗ ಏರಬಹುದು, ಕೂಡಿಕೆ ಆಗಿರೋದ್ರಿಂದ ಜೋಡಿಸಬಹುದು. ಫೈಗೆ ಕಟ್ಟಡದಲ್ಲಿ ಇರುವ ನಿಜವಾದ ಕೆಲಸ ಇದು.

ಇದನ್ನು ಪೂರ್ತಿ ಬಳಸಿ ಕಟ್ಟಿದ್ದು ಫ್ರಾನ್ಸಿನ ಮಾರ್ಸೇ ಊರಿನ ಯುನಿತೆ ದಬಿತಾಸಿಯೋಂ ಎಂಬ ಅಪಾರ್ಟ್‌ಮೆಂಟ್, 1947ರಿಂದ 1952ರವರೆಗೆ. ದಪ್ಪ ಕಾಂಕ್ರೀಟ್ ಕಂಬಗಳ ಮೇಲೆ ನಿಂತ 18 ಅಂತಸ್ತು, 337 ಮನೆ, ತಾರಸಿಯ ಮೇಲೆ ಮಕ್ಕಳ ಶಾಲೆ. ಮನೆಗಳ ಅಗಲ 3.66 ಮೀಟರ್, ಅಂದರೆ 183ರ ಎರಡರಷ್ಟು. ಚಾವಣಿಯ ಎತ್ತರ 2.26 ಮೀಟರ್. ಇಷ್ಟು ದೊಡ್ಡ ಕಟ್ಟಡಕ್ಕೆ ಕಾರ್ಬುಸಿಯೆ ಲೆಕ್ಕದ ಪ್ರಕಾರ ಬೇಕಾಗಿದ್ದು ಬರೀ 15 ಅಳತೆ. ಒಂದು ಮಾಮೂಲಿ ಮನೆಯ ವರ್ಕಿಂಗ್ ಡ್ರಾಯಿಂಗಿನಲ್ಲಿ ಎಷ್ಟು ಬೇರೆ ಬೇರೆ ಡೈಮೆನ್ಷನ್ ಇರುತ್ತೆ ಅಂತ ಒಮ್ಮೆ ಎಣಿಸಿದರೆ ಈ 15ರ ಬೆಲೆ ಗೊತ್ತಾಗುತ್ತೆ. ಕೈ ಮೇಲೆತ್ತಿ ನಿಂತ ಆ ಮನುಷ್ಯನ ಆಕೃತಿಯನ್ನೂ ಕಟ್ಟಡದ ಕಾಂಕ್ರೀಟಿನಲ್ಲೇ ಅಚ್ಚು ಹಾಕಿದ್ದಾರೆ.

ಈಗ ಪೊಲೀಸಪ್ಪ. 183 ಎಲ್ಲಿಂದ ಬಂತು? ಮೊದಲು ಕಾರ್ಬುಸಿಯೆ ಇಟ್ಟುಕೊಂಡಿದ್ದು 175 ಸೆಂಟಿಮೀಟರ್. ಅದರಿಂದ ಬಂದ ಸಂಖ್ಯೆಗಳು ಅಡಿ-ಇಂಚಿಗೆ ಸರಿಯಾಗಿ ಹೊಂದುತ್ತಿರಲಿಲ್ಲ. ಆಗ ಕಚೇರಿಯ ಸಹೋದ್ಯೋಗಿಯೊಬ್ಬರು ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳ ನೆನಪು ಮಾಡಿದರಂತೆ: ಅದರಲ್ಲಿ ಬರುವ ನೋಡಲು ಚೆನ್ನಾಗಿರುವ ಗಂಡಸರು, ಪೊಲೀಸರು ಇತ್ಯಾದಿ, ಯಾವಾಗಲೂ ಆರಡಿ ಇರ್ತಾರೆ. ಆರಡಿ ಅಂದರೆ 182.88. ಅಲ್ಲಿಗೆ ಎಲ್ಲ ಅಳತೆಗಳೂ ಇಂಚಿಗೆ ಹತ್ತಿರ ಹತ್ತಿರ ಬಂದು ಕೂತವು. ಇದನ್ನು ಕಾರ್ಬುಸಿಯೆ ತಮ್ಮ ಪುಸ್ತಕದಲ್ಲಿ ಮುಚ್ಚುಮರೆ ಇಲ್ಲದೆ, ಖುಷಿಯಿಂದಲೇ ಹೇಳಿಕೊಂಡಿದ್ದಾರೆ. ಇಡೀ ಮನುಕುಲದ ಅಳತೆಪಟ್ಟಿ ಅಂತ ಹೊರಟಿದ್ದು ಒಂದು ಕಾಲ್ಪನಿಕ ಪಾತ್ರದ ಎತ್ತರದಿಂದ ಶುರುವಾಯ್ತು.

ಫ್ರಾನ್ಸಿನಿಂದ ಈ ಪಟ್ಟಿ ಸೀದಾ ನಮ್ಮ ದೇಶಕ್ಕೇ ಬಂತು. 1951ರಿಂದ ಚಂಡೀಗಢದ ಕೆಲಸ ಶುರುವಾಯ್ತು. ಅಲ್ಲಿನ ಹೈಕೋರ್ಟ್, ಸೆಕ್ರೆಟರಿಯೇಟ್ ವಿನ್ಯಾಸದಲ್ಲಿ ಕಾರ್ಬುಸಿಯೆ ಮಾಡ್ಯುಲೋರ್ ಬಳಸಿದರು. ಆಗ ಅವರ ಪ್ಯಾರಿಸ್ ಕಚೇರಿಯಲ್ಲಿದ್ದ ಹುಡುಗರಲ್ಲಿ ಬಿ.ವಿ. ದೋಶಿ ಒಬ್ಬರು, ಮುಂದೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಕಟ್ಟಿದವರು. 2016ರಲ್ಲಿ ಯುನೆಸ್ಕೊ ಕಾರ್ಬುಸಿಯೆಯ 17 ಕೆಲಸಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದಾಗ ಮಾರ್ಸೇ ಕಟ್ಟಡವೂ ಚಂಡೀಗಢದ ಕ್ಯಾಪಿಟಲ್ ಕಾಂಪ್ಲೆಕ್ಸೂ ಒಟ್ಟಿಗೇ ಸೇರಿದವು.

ಚಂಡೀಗಢದಲ್ಲಿ ಕಣ್ಣಿಗೆ ಹೊಡೆಯೋದು ಕಿಟಕಿಗಳ ಮುಂದೆ ಚಾಚಿಕೊಂಡಿರುವ ಕಾಂಕ್ರೀಟ್ ಬಿಸಿಲುತಡೆಗಳು. ಅವು ಎಷ್ಟು ಚಾಚಬೇಕು ಅಂತ ಹೇಳೋದು ಸೂರ್ಯ. ಒಂದು ಸಣ್ಣ ಲೆಕ್ಕ ಮಾಡೋಣ. ಚಂಡೀಗಢ ಸುಮಾರು 30.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮಾರ್ಚ್ 21ರ ಮಧ್ಯಾಹ್ನ ಸೂರ್ಯ ದಿಗಂತದಿಂದ 59.3 ಡಿಗ್ರಿ ಮೇಲಿರ್ತಾನೆ. ದಕ್ಷಿಣಕ್ಕೆ ತೆರೆದ 2.26 ಮೀಟರ್ ಎತ್ತರದ ಕಿಟಕಿ ಆ ಹೊತ್ತಿಗೆ ಪೂರ್ತಿ ನೆರಳಲ್ಲಿರಬೇಕಾದರೆ 2.26ನ್ನು 59.3ರ ಟ್ಯಾನ್‌ನಿಂದ ಭಾಗಿಸಿ: 1.34 ಮೀಟರ್ ಚಾಚು ಬೇಕು. ಮಾಡ್ಯುಲೋರ್ ಪಟ್ಟಿಯಲ್ಲಿ ಅದಕ್ಕಿಂತ ದೊಡ್ಡದರಲ್ಲಿ ಹತ್ತಿರದ್ದು 1.40. ಅದನ್ನು ತಗೋಬಹುದು. ಅದೇ ಕಿಟಕಿ ಬೆಂಗಳೂರಿನಲ್ಲಿ, 13 ಡಿಗ್ರಿಯಲ್ಲಿ, ಇದ್ದರೆ? 0.52 ಮೀಟರ್ ಸಾಕು. ಪಟ್ಟಿಯಲ್ಲಿ 0.53 ಇದೆ!

ರೀಲ್ ಮಾಡುವವರಿಗೆ ಇಷ್ಟು ಸಾಕು, ಬೆಂಗಳೂರಿನ ಸೂರ್ಯನಲ್ಲೇ ಗೋಲ್ಡನ್ ರೇಶಿಯೊ ಅಂತ ಹಾಕಿಬಿಡಬಹುದು. ಆದರೆ ಕೆಂಪು, ನೀಲಿ ಎರಡೂ ಸಾಲು ಸೇರಿಸಿ ಬರೆದು ನೋಡಿ: 53, 70, 86, 113, 140, 183, 226. ಪಕ್ಕಪಕ್ಕದ ಸಂಖ್ಯೆಗಳ ನಡುವೆ ಅಂತರ ಹೆಚ್ಚೆಂದರೆ ಸುಮಾರು 1.3 ಪಟ್ಟು. ಅಂದರೆ ನೀವು ಕಣ್ಣು ಮುಚ್ಚಿಕೊಂಡು ಯಾವ ಉದ್ದ ಹೇಳಿದರೂ ಅದರ ಶೇಕಡ 14ರ ಒಳಗೆ ಪಟ್ಟಿಯ ಒಂದು ಸಂಖ್ಯೆ ಇದ್ದೇ ಇರುತ್ತೆ. ಕಟ್ಟಿ ಮುಗಿದ ಕಟ್ಟಡದಲ್ಲಿ ಫೈ ಸಿಕ್ಕಿತು ಅನ್ನುವವರನ್ನು ನಾವು ಸುಲಭಕ್ಕೆ ನಂಬದಿರೋದು ಇದಕ್ಕೇ. ಮೊದಲು ಉತ್ತರ ಬಿಸಿಲಿನಿಂದಲೋ, ಲೋಡಿನಿಂದಲೋ ಬರಬೇಕು, ಆಮೇಲೆ ಅದನ್ನು ಹತ್ತಿರದ ಅಳತೆಗೆ ಸರಿಮಾಡಿಕೊಳ್ಳೋದಕ್ಕೆ ಪಟ್ಟಿ. ಸ್ಟ್ರಕ್ಚರ್ಸ್ ಕ್ಲಾಸಿನಲ್ಲಿ 11.3 ಮಿಲಿಮೀಟರ್ ಕಂಬಿ ಬೇಕು ಅಂತ ಬಂದರೆ ನಾವು 12 ತಗೊಳ್ಳಲ್ವಾ, ಹಾಗೆ.

ನಮ್ಮಲ್ಲಿ ಮಾಡ್ಯುಲೋರ್ ಯಾಕೆ ನಿಲ್ಲಲಿಲ್ಲ ಅಂತ ಕೇಳಿದರೆ ಮೊದಲು ಚಾವಣಿ ನೋಡಿ. ನಮ್ಮ ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ವಾಸದ ಕೋಣೆಯ ಎತ್ತರ ಕನಿಷ್ಠ 2.75 ಮೀಟರ್. 2.26ರ ಚಾವಣಿಗೆ ಪ್ಲಾನ್ ಪಾಸಾಗೋದೇ ಇಲ್ಲ. ಕೋಡ್ ಬಿಡಿ, ಆ ಎತ್ತರದಲ್ಲಿ ಫ್ಯಾನ್ ಎಲ್ಲಿ ಹಾಕ್ತೀರಿ? ಕೈ ಎತ್ತಿದರೆ ಚಾವಣಿ ಮುಟ್ಟಬೇಕು ಅನ್ನೋದೇ ಆ ಅಳತೆಯ ಅರ್ಥ. ಮೈಮುರಿದರೆ ಬೆರಳು ಫ್ಯಾನಿಗೆ ಹೋಗುತ್ತೆ. ಮಾರ್ಸೇ ಊರಿನ ಮನೆಗಳು ಬಚಾವಾಗಿದ್ದು ಒಂದು ಭಾಗವನ್ನು ಎರಡಂತಸ್ತಿನ ಎತ್ತರಕ್ಕೆ ಬಿಟ್ಟಿದ್ದರಿಂದ.

ಎರಡನೇದು, ಸೈಟಿನಲ್ಲಿ ಸಿಗುವ ಸಾಮಾನು. ಸೆಂಟ್ರಿಂಗ್ ಪ್ಲೈವುಡ್ ಎಂಟಡಿಗೆ ನಾಲ್ಕಡಿ, ಅನುಪಾತ 2. ಐಎಸ್ ಪ್ರಕಾರದ ಇಟ್ಟಿಗೆ 190 × 90 × 90 ಮಿಲಿಮೀಟರ್, ಗಾರೆ ಸೇರಿಸಿದರೆ 200 × 100 × 100, ಅಲ್ಲೂ 2. ಮಾಡ್ಯುಲೋರ್ ಪಟ್ಟಿಯ ನಿಖರ ಸಂಖ್ಯೆಗಳು 534, 863, 1397 ಮಿಲಿಮೀಟರ್ ಅಂತ ಇವೆ. 863 ಮಿಲಿಮೀಟರ್ ಗೋಡೆ ಎಬ್ಬಿಸಿ ಅಂತ ನಮ್ಮ ಮೇಸ್ತ್ರಿಗೆ ಹೇಳಿ ನೋಡಿ. ನಾಲ್ಕೂ ಚಿಲ್ಲರೆ ಇಟ್ಟಿಗೆ ಅಂದರೆ ಪ್ರತಿ ವರಸೆಯಲ್ಲೂ ಒಂದು ಇಟ್ಟಿಗೆ ಒಡೆಯಬೇಕು. 100 ಮಿಲಿಮೀಟರಿನ ಸಾದಾ ಮಾಡ್ಯೂಲೇ ಗೆದ್ದಿದ್ದು ಇದೇ ಕಾರಣಕ್ಕೆ, ಅದರಲ್ಲೂ ಅಳತೆಗಳು ಕೂಡುತ್ತವೆ, ಮೇಲಾಗಿ ಬಾಯಿಲೆಕ್ಕದಲ್ಲಿ ಕೂಡುತ್ತವೆ.

ಇವೆರಡಕ್ಕಿಂತ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಮೂರನೇದು. ಭಾರತದ ಹೆಂಗಸರ ಸರಾಸರಿ ಎತ್ತರ ಸುಮಾರು 152 ಸೆಂಟಿಮೀಟರ್. ಕಾರ್ಬುಸಿಯೆಯ ಪಟ್ಟಿಯನ್ನೇ 183ರ ಬದಲು 152ರಿಂದ ಶುರು ಮಾಡೋಣ. ಫೈ ಅದೇ 1.618, ಗಣಿತದಲ್ಲಿ ಏನೂ ಬದಲಾಗಲ್ಲ. ಹೊಕ್ಕುಳು 113ರಿಂದ 94ಕ್ಕೆ ಇಳಿಯುತ್ತೆ. ಕೂರುವ ಎತ್ತರ 43ರಿಂದ 36ಕ್ಕೆ. ಕೈ ಎತ್ತಿದರೆ ಮುಟ್ಟುವ ಎತ್ತರ 226ರಿಂದ 188ಕ್ಕೆ. ಈಗ ಯಾವುದಾದರೂ ಅಪಾರ್ಟ್‌ಮೆಂಟಿನ ಅಡುಗೆಮನೆಗೆ ಹೋಗಿ ಗೋಡೆಗೆ ಹಾಕಿದ ಕಪಾಟಿನ ಮೇಲಿನ ತಟ್ಟು ನೋಡಿ. ಸಾಮಾನ್ಯವಾಗಿ ಅದು ಲಿಂಟಲ್ ಮಟ್ಟದವರೆಗೆ, ಏಳಡಿವರೆಗೆ, ಅಂದರೆ 213ರವರೆಗೆ ಹೋಗಿರುತ್ತೆ. ಆರಡಿ ಪೊಲೀಸಪ್ಪ ಬಂದರೆ ಆರಾಮಾಗಿ ಉಪ್ಪಿನಕಾಯಿ ಭರಣಿ ಇಳಿಸ್ತಾನೆ. ನಮ್ಮ ಅಮ್ಮಂದಿರು ಸ್ಟೂಲ್ ಹುಡುಕ್ತಾರೆ. ಮುಂದೆ ನಮ್ಮಲ್ಲಿ ಕೆಲವರು ಇಂಥ ಅಡುಗೆಮನೆಗಳ ಡ್ರಾಯಿಂಗಿಗೆ ಸಹಿ ಹಾಕುವವರು, ಅದಕ್ಕೇ ಇದನ್ನು ಎತ್ತಿ ಹೇಳ್ತಾ ಇದ್ದೀವಿ. ಎಲ್ಲರೂ 1.618 ಸರಿಯೋ ತಪ್ಪೋ ಅಂತ ಜಗಳ ಆಡ್ತಾರೆ, 183ನ್ನು ಪ್ರಶ್ನೆ ಮಾಡುವವರು ಕಮ್ಮಿ.

ಮಾಡ್ಯುಲೋರ್ ಎಲ್ಲಿ ಸರಿಯಾಗಿ ಕೂತಿತು ಅಂದರೆ, ಕಾರ್ಬುಸಿಯೆ ತಮಗಾಗಿ ಕಟ್ಟಿಕೊಂಡ ಗುಡಿಸಲಿನಲ್ಲಿ. ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿ, ರೊಕ್‌ಬ್ರ್ಯೂನ್ ಎಂಬಲ್ಲಿ, 1952ರ ಹೊತ್ತಿಗೆ ಸಿದ್ಧವಾದ ಮರದ ಕ್ಯಾಬಿನ್. ಅದೂ ಯುನೆಸ್ಕೊದ ಆ 17ರಲ್ಲಿ ಒಂದು. ಉದ್ದ 3.66, ಅಗಲ 3.66, ಎತ್ತರ 2.26. ಒಳಗಿನ ಮಂಚ, ಮೇಜು, ಕಿಟಕಿ ಎಲ್ಲ ಪಟ್ಟಿಯ ಅಳತೆಯವೇ. ಅಡುಗೆಮನೆ ಇಲ್ಲ, ಊಟಕ್ಕೆ ಪಕ್ಕದ ಹೋಟೆಲ್ಲೇ ಮೆಸ್ಸು. 3.66 ಅಂದರೆ ಹನ್ನೆರಡಡಿ. ಹನ್ನೆರಡಕ್ಕೆ ಹನ್ನೆರಡು, 144 ಚದರಡಿ (ಹೌದು, 144 ಕೂಡ ಫಿಬೊನಾಚಿ ಸಂಖ್ಯೆ, ರೀಲ್ ಮಾಡಬೇಡಿ). ಹಾಸ್ಟೆಲ್ಲಿನಲ್ಲಿ ಇರುವವರಿಗೆ ಈ ಅಳತೆ, ಈ ಮೆಸ್ಸಿನ ವ್ಯವಸ್ಥೆ ಎರಡೂ ಪರಿಚಯದ್ದೇ. ಅಲ್ಲಿ ಇದ್ದಿದ್ದು ಗಂಡ-ಹೆಂಡತಿ ಇಬ್ಬರು, ಕಿಟಕಿ ತೆಗೆದರೆ ಸಮುದ್ರ. ಇಲ್ಲಿ ಮೂವರು, ಕಿಟಕಿ ತೆಗೆದರೆ ಬಟ್ಟೆ ಒಣಹಾಕೋ ತಂತಿ.